ಗಾಳಿಯ ಕೆಲಸವನ್ನು ಯಾರು ಮಾಡಬೇಕು?

ಸೈಕಲ್ಲಿನ ಹಿಂದಿನ ಟೈರಿನೊಳಗಿರುವ ಗಾಳಿ ಎಷ್ಟು ತೂಗಬಹುದು? 40 ಮಿ.ಮೀ. ಅಗಲದ ಟೈರು, 4 ಬಾರ್ ಒತ್ತಡ ಅಂತ ಇಟ್ಟುಕೊಂಡರೆ ಲೆಕ್ಕ ಸುಮಾರು 14 ಗ್ರಾಂಗೆ ಬಂದು ನಿಲ್ಲುತ್ತದೆ. ಆ 14 ಗ್ರಾಂ ಗಾಳಿ 50 ಕೆ.ಜಿ. ಭಾರವನ್ನು ಹೊರುತ್ತದೆ, ಕಲ್ಲು ಸಿಕ್ಕಲ್ಲಿ ತಗ್ಗುತ್ತದೆ, ದಾಟಿದ ಕೂಡಲೇ ಎದ್ದು ನಿಲ್ಲುತ್ತದೆ, ತಗ್ಗುವಾಗ ತೆಗೆದುಕೊಂಡ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಹಿಂತಿರುಗಿಸುತ್ತದೆ. ಒಂದು ಸಣ್ಣ ಮುಳ್ಳು ಚುಚ್ಚಿದರೆ ಮಾತ್ರ ಎಲ್ಲವೂ ಕೈಕೊಡುತ್ತದೆ. ಗಾಳಿಯಿಲ್ಲದ ಟೈರು ಬೇಕು ಅನ್ನಿಸುವುದು ಆ ಮುಳ್ಳಿನ ದೆಸೆಯಿಂದ.

ಆದರೆ ಗಾಳಿಯನ್ನು ತೆಗೆದುಹಾಕಿದ ಮಾತ್ರಕ್ಕೆ ಅದು ಮಾಡುತ್ತಿದ್ದ ಕೆಲಸ ಇಲ್ಲವಾಗುವುದಿಲ್ಲ. ಅದನ್ನು ಬೇರೆ ಯಾರಾದರೂ ಮಾಡಲೇಬೇಕು: ಫೋಮು ಮಾಡಬೇಕು, ಇಲ್ಲವೇ ರಿಮ್ಮು, ಕಡ್ಡಿ (ಸ್ಪೋಕು), ಫ್ರೇಮು, ಕೊನೆಗೆ ಸವಾರನ ಮಣಿಕಟ್ಟು ಮತ್ತು ಬೆನ್ನು. ಇಂಥ ಟೈರು ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. 'ಪಂಕ್ಚರ್ ಆಗುವುದಿಲ್ಲ' ಎಂಬ ಮಾತು ನಿಜ, ಆದರೆ ಅದು ಅರ್ಧ ಮಾತು.

ಗಾಳಿ ಭಾರ ಹೊರುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಭಾರವನ್ನು ಒತ್ತಡದಿಂದ ಭಾಗಿಸಿದಷ್ಟಿರುತ್ತದೆ. 4 ಬಾರ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 4 ಕೆ.ಜಿ.; ಹಾಗಾಗಿ 50 ಕೆ.ಜಿ. ಹೊರಲು 12 ಚದರ ಸೆಂ.ಮೀ. ಬೇಕು, ಬೆಂಕಿಪೊಟ್ಟಣದ ಮುಖಕ್ಕಿಂತ ಚಿಕ್ಕ ಜಾಗ. ಒತ್ತಡ 3 ಬಾರ್‌ಗೆ ಇಳಿದರೆ ಅದು 16–17 ಚದರ ಸೆಂ.ಮೀ. ಆಗುತ್ತದೆ. ಸವಾರ ಹತ್ತಿ ಕೂತಾಗ ಒಳಗಿನ ಒತ್ತಡ ಏರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಏರುವುದು ತೀರಾ ಅತ್ಯಲ್ಪ, ಸಾಧಾರಣ ಗೇಜಿನಲ್ಲಿ ಕಾಣುವುದೂ ಕಷ್ಟ. ಹಾಗಿದ್ದರೆ ಭಾರವನ್ನು ಎತ್ತಿ ಹಿಡಿದವರು ಯಾರು?

ಗಾಳಿ ತುಂಬಿದ ಟೈರಿನ ನೂಲಿನ ಪದರ ರಿಮ್ಮನ್ನು ಸುತ್ತಲೂ ಹೊರಗಡೆಗೆ ಎಳೆದು ಹಿಡಿದಿರುತ್ತದೆ. ಭಾರ ಬಿದ್ದಾಗ ನೆಲದ ಹತ್ತಿರ ಟೈರಿನ ಪಕ್ಕಗಳು ಉಬ್ಬುತ್ತವೆ, ಅಲ್ಲಿ ಆ ಎಳೆತದ ಕೋನ ಬದಲಾಗಿ ಕೆಳಮುಖ ಎಳೆತ ಸಡಿಲವಾಗುತ್ತದೆ. ಮೇಲ್ಗಡೆಯ ಎಳೆತ ಮಾತ್ರ ಮೊದಲಿನಂತೆಯೇ ಇರುತ್ತದೆ. ಈ ವ್ಯತ್ಯಾಸವೇ ರಿಮ್ಮನ್ನು ಎತ್ತಿ ನಿಲ್ಲಿಸುತ್ತದೆ. ಅಂದರೆ ರಿಮ್ಮು ಕೆಳಗಿನ ಗಾಳಿಯ ಮೇಲೆ ಮೆತ್ತೆಯ ಮೇಲೆ ಕೂತಂತೆ ಕೂತಿಲ್ಲ; ಇಡೀ ಟೈರು ಸುತ್ತಲಿಂದ ಅದನ್ನು ಹಿಡಿದುಕೊಂಡಿದೆ. ತಂತಿ ಕಡ್ಡಿಯ ಚಕ್ರವೂ ಇದೇ ಜಾಣ್ಮೆಯದ್ದು: ಎಲ್ಲ ಕಡ್ಡಿಗಳೂ ಮೊದಲೇ ಬಿಗಿದಿರುತ್ತವೆ, ಭಾರ ಬಿದ್ದಾಗ ಕೆಳಗಿನವು ಸ್ವಲ್ಪ ಸಡಿಲಗೊಳ್ಳುತ್ತವೆ ಅಷ್ಟೆ. ಗಾಳಿಯ ಜಾಗದಲ್ಲಿ ರಬ್ಬರೋ ಫೋಮೋ ತುಂಬಿದ ಗಟ್ಟಿ ಟೈರಿನಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿಬಿದ್ದ ಅಂಗೈಯಗಲದ ತುಂಡೇ ಪೂರ್ತಿ ಭಾರ ಹೊರಬೇಕು, ಉಳಿದ ಸುತ್ತಳತೆ ಸುಮ್ಮನೆ ನೋಡುತ್ತಿರುತ್ತದೆ. ಗಾಳಿಯಿಲ್ಲದ ಟೈರುಗಳ ಬಹುತೇಕ ಗುಣದೋಷಗಳು ಹುಟ್ಟುವುದು ಇಲ್ಲಿಂದ.

ಗಾಳಿಯಿಲ್ಲದ ಟೈರು ಹೊಸದೂ ಅಲ್ಲ. ಸೈಕಲ್ಲು ಓಡಲು ಶುರುವಾದದ್ದೇ ಅದರ ಮೇಲೆ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ, ಆಮೇಲೆ ಗಟ್ಟಿ ರಬ್ಬರು. ಮುಂದಿನ ಚಕ್ರ ಆಳೆತ್ತರ ಇರುತ್ತಿದ್ದ ಹಳೆಯ ಸೈಕಲ್ಲುಗಳಲ್ಲಿ ಚಕ್ರ ಅಷ್ಟು ದೊಡ್ಡದಾಗಲು ಪೆಡಲಿನ ಒಂದು ಸುತ್ತಿಗೆ ಹೆಚ್ಚು ದೂರ ಸಿಗಲಿ ಎಂಬುದು ಒಂದು ಕಾರಣ. ದೊಡ್ಡ ಚಕ್ರ ಗುಂಡಿಗಳ ಮೇಲೆ ಸಲೀಸಾಗಿ ಹಾಯುತ್ತಿತ್ತು ಎಂಬುದು ಇನ್ನೊಂದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದರು, ಆದರೆ ಅದು ಬಳಕೆಗೆ ಬರದೆ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ಟೈರು ಹಾಕಿದರು. ಮರುವರ್ಷವೇ ವಿಲ್ಲಿ ಹ್ಯೂಮ್ ಅಂಥ ಟೈರಿನ ಸೈಕಲ್ಲಿನಲ್ಲಿ ಪಂದ್ಯ ಗೆದ್ದ ಮೇಲೆ ಗಟ್ಟಿ ರಬ್ಬರಿನ ಕಾಲ ಮುಗಿಯಿತು. ಆಗಿನ ಗಾಳಿ ಟೈರನ್ನು ರಿಮ್ಮಿಗೆ ಅಂಟಿಸಿಯೇ ಬಿಡುತ್ತಿದ್ದರು. ಪಂಕ್ಚರ್ ಆದರೆ ಬಿಚ್ಚಿ, ಪ್ಯಾಚು ಹಾಕಿ, ಮತ್ತೆ ಅಂಟಿಸಿ ಒಣಗಲು ಬಿಡಬೇಕಿತ್ತು. ಮಿಶೆಲಿನ್ ಸಹೋದರರು ಕಳಚಿ ಹಾಕಬಹುದಾದ ಟೈರು ತಂದದ್ದು 1891ರಲ್ಲಿ. ಅಷ್ಟೆಲ್ಲ ಕಷ್ಟ ಇದ್ದೂ ಜನ ಗಟ್ಟಿ ರಬ್ಬರಿಗೆ ಹಿಂತಿರುಗಲಿಲ್ಲ ಅನ್ನುವುದು ನನಗೆ ಬಹಳ ದೊಡ್ಡ ಸಾಕ್ಷಿ. ಎರಡನ್ನೂ ತುಳಿದು ನೋಡಿದವರು ಪಂಕ್ಚರನ್ನೇ ಆರಿಸಿಕೊಂಡರು.

ಈಗ ಸಿಗುವ ಸಾಮಗ್ರಿ ಆ ಕಾಲದ ರಬ್ಬರಿಗಿಂತ ಎಷ್ಟೋ ವಾಸಿ. ಸೈಕಲ್ಲಿಗೆ ಬರುವ ಗಾಳಿಯಿಲ್ಲದ ಟೈರುಗಳು ಸಾಮಾನ್ಯವಾಗಿ ಸೂಕ್ಷ್ಮ ಗುಳ್ಳೆಗಳಿರುವ ಪಾಲಿಯುರೆಥೇನ್ (ರಬ್ಬರಿನಂತೆ ಬಾಗುವ ಒಂದು ಪ್ಲಾಸ್ಟಿಕ್) ಅಥವಾ ಅದೇ ಬಗೆಯ ಫೋಮಿನವು. ಹಲವರು ಬಾಡಿಗೆಗೆ ಪಡೆದು ಓಡಿಸುವ ಹಂಚಿಕೆ ಸೈಕಲ್ಲು ಮತ್ತು ಸ್ಕೂಟರುಗಳಿಗೆ ಅಡ್ಡಲಾಗಿ ತೂತುಗಳಿರುವ, ಜೇನುಗೂಡಿನಂಥ ರಬ್ಬರು. ಮಕ್ಕಳ ಗಾಡಿಗೆ ಚಪ್ಪಲಿಯ ಅಟ್ಟೆಯಲ್ಲಿರುವಂಥ ಹಗುರವಾದ ಇವಿಎ ಫೋಮು. ಎಲ್ಲದರಲ್ಲೂ ನೋಡಬೇಕಾದ ಗುಣ ಒಂದೇ: ಅದುಮಿ ಬಿಟ್ಟಾಗ ಎಷ್ಟು ಶಕ್ತಿ ವಾಪಸು ಬರುತ್ತದೆ. ಬಾರದ ಶಕ್ತಿ ಶಾಖವಾಗಿ ಹೋಗುತ್ತದೆ, ಅದನ್ನು ತುಂಬಿಕೊಡುವುದು ಸವಾರನ ಕಾಲು ಅಥವಾ ಬ್ಯಾಟರಿ. ಇದನ್ನು ಮನೆಯಲ್ಲೇ ಒರೆಗೆ ಹಚ್ಚಬಹುದು. ಟೈರನ್ನು ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಅಳತೆ ಪಟ್ಟಿ ನಿಲ್ಲಿಸಿ, ಗಾಜಿನ ಗೋಲಿಯನ್ನು 50 ಸೆಂ.ಮೀ. ಎತ್ತರದಿಂದ ಟೈರಿನ ಸಪಾಟಾದ ಪಕ್ಕದ ಮೇಲೆ ಬಿಡಿ. ಎಷ್ಟು ಎತ್ತರಕ್ಕೆ ಪುಟಿಯುತ್ತದೆ ಎಂದು ಐದಾರು ಸಲ ನೋಡಿ. ಎರಡು ಬಗೆಯ ಟೈರು ಮುಂದಿದ್ದರೆ ಹೆಚ್ಚು ಪುಟಿಸುವುದು ಸಾಮಾನ್ಯವಾಗಿ ಹಗುರವಾಗಿ ಉರುಳುತ್ತದೆ. ಗೋಲಿ 'ದಪ್' ಎಂದು ಕೂತುಬಿಟ್ಟರೆ ಆ ಟೈರು ಏರಿನಲ್ಲಿ ನಿಮ್ಮ ಉಸಿರು ತೆಗೆಯುತ್ತದೆ. ಉಗುರಿನಿಂದಲೂ ಒತ್ತಿ ನೋಡಬಹುದು. ಗುಳಿ ಥಟ್ಟನೆ ಏಳಬೇಕು, ಸೋಮಾರಿಯಂತೆ ನಿಧಾನವಾಗಿ ಏಳಬಾರದು.

ಇದರ ಬೆಲೆ ಕಾಲಿಗೆ ಎಷ್ಟು ತಟ್ಟುತ್ತದೆ ನೋಡಿ. ಸವಾರ 80, ಸೈಕಲ್ಲು 15, ಒಟ್ಟು 95 ಕೆ.ಜಿ. ಒಳ್ಳೆಯ ಗಾಳಿ ಟೈರಿನ ಉರುಳುವ ತಡೆ ನಯವಾದ ರಸ್ತೆಯಲ್ಲಿ ಭಾರದ 0.005 ಪಾಲು ಎಂದಿಟ್ಟುಕೊಂಡರೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದಕ್ಕೆ ಸುಮಾರು 26 ವ್ಯಾಟ್ ಬೇಕು. ಈ ಪಾಲು 0.010 ಆದರೆ 52 ವ್ಯಾಟ್. ನೆಟ್ಟಗೆ ಕೂತು ತುಳಿಯುವವರಿಗೆ ಅದೇ ವೇಗದಲ್ಲಿ ಎದುರುಗಾಳಿಯನ್ನು ಸೀಳಲು 55 ವ್ಯಾಟ್ ಆಸುಪಾಸು ಬೇಕಾಗುತ್ತದೆ. ಅಂದರೆ ಒಟ್ಟು 81 ಇದ್ದದ್ದು 107 ಆಯಿತು, ಮೂರನೇ ಒಂದು ಭಾಗ ಜಾಸ್ತಿ. ಎರಡು ಕಿಲೋಮೀಟರು ಹೋಗುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ದಿನಕ್ಕೆ 20 ಕಿ.ಮೀ. ತುಳಿಯುವವರಿಗೆ ಇದು ಸೈಕಲ್ಲನ್ನು ಮೂಲೆಗೆ ನಿಲ್ಲಿಸುವಷ್ಟು ದೊಡ್ಡ ವ್ಯತ್ಯಾಸ. ರಸ್ತೆ ಒರಟಾದಷ್ಟೂ ಇದು ಹೆಚ್ಚುತ್ತದೆ, ಯಾಕೆಂದರೆ ಟೈರು ನುಂಗದ ಪ್ರತಿ ಕುಲುಕೂ ಸವಾರನನ್ನು ಮೇಲಕ್ಕೆತ್ತಿ ಇಳಿಸುತ್ತದೆ, ಆ ಶಕ್ತಿ ಮೈಯಲ್ಲೇ ಕರಗಿಹೋಗುತ್ತದೆ.

ಅದಕ್ಕೇ, ಗಾಳಿಯಿಲ್ಲದ ಟೈರು ಹುಡುಕಲು ಹೊರಡುವ ಮುಂಚೆ ಪಂಕ್ಚರ್ ಆದ ಟ್ಯೂಬನ್ನೇ ಬೆಳಕಿಗೆ ಹಿಡಿದು ನೋಡಿ ಅನ್ನುತ್ತೇನೆ. ತೂತು ಅದರ ಕಾರಣವನ್ನು ತಾನೇ ಹೇಳುತ್ತದೆ. ಹಾವು ಕಚ್ಚಿದಂತೆ ಅಕ್ಕಪಕ್ಕದಲ್ಲಿ ಎರಡು ಸೀಳು ಕಂಡರೆ ಮುಳ್ಳಿನ ತಪ್ಪಲ್ಲ. ಗಾಳಿ ಕಡಿಮೆಯಿತ್ತು, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಕತ್ತರಿಸಿದೆ. ಇದಕ್ಕೆ ಮದ್ದು ಪಂಪು. ಬ್ಯುಟೈಲ್ ಎಂಬ ಕೃತಕ ರಬ್ಬರಿನ ಟ್ಯೂಬು ತೂತಿಲ್ಲದೆಯೂ ನಿಧಾನವಾಗಿ ಗಾಳಿ ಬಿಡುತ್ತದೆ, ಹಾಗಾಗಿ ವಾರಕ್ಕೊಮ್ಮೆ ಗೇಜು ಇಟ್ಟು ನೋಡುವುದು ಅಭ್ಯಾಸವಾಗಬೇಕು. ತೂತು ಟ್ಯೂಬಿನ ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆ ಇದ್ದರೆ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಅಥವಾ ಅದರ ತೂತಿನ ಅಂಚು ಉಜ್ಜಿದೆ. ಹೊಸ ಪಟ್ಟಿ ಸುತ್ತಿದರೆ ಮುಗಿಯಿತು. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆದಿದೆ ಅಥವಾ ಪಂಪನ್ನು ವಾರೆಯಾಗಿ ಚುಚ್ಚಿ ಎಳೆದಾಡಿದ್ದಾರೆ. ಹೊರಮೈಯಲ್ಲಿ ಒಂದೇ ಒಂದು ಚುಕ್ಕಿ ಇದ್ದರೆ ಮಾತ್ರ ಅದು ಮುಳ್ಳು, ಮೊಳೆ ಅಥವಾ ಗಾಜು. ಅದಕ್ಕೂ ಮೊದಲ ಮದ್ದು, ನೆಲಕ್ಕೆ ತಾಗುವ ಟ್ರೆಡ್ಡಿನ ಕೆಳಗೆ ದಪ್ಪ ರಕ್ಷಣಾ ಪದರ ಇರುವ ಟೈರು. ಆಮೇಲೆ ಟ್ಯೂಬಿನೊಳಗೆ ತೂತು ಮುಚ್ಚುವ ದ್ರವ. ಹಳೆಯ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ಮುರಿದ ಮುಳ್ಳಿನ ತುದಿ ಉಳಿದಿದೆಯೇ ನೋಡಲು ಮರೆಯಬೇಡಿ. ಒಂದೇ ಮುಳ್ಳು ಮೂರು ಪಂಕ್ಚರ್ ಮಾಡಿಸುವುದು ಹೀಗೆ.

ಇಷ್ಟಾದ ಮೇಲೂ ಗಾಳಿಯಿಲ್ಲದ್ದೇ ಸರಿ ಅನ್ನುವ ಸಂದರ್ಭಗಳಿವೆ, ಅವನ್ನು ಒಪ್ಪಿಕೊಳ್ಳಲು ನನಗೇನೂ ಹಿಂಜರಿಕೆಯಿಲ್ಲ. ಹಂಚಿಕೆ ಸೈಕಲ್ಲನ್ನು ತೆಗೆದುಕೊಳ್ಳಿ: ಸಾವಿರಾರು ಸೈಕಲ್ಲು, ಗಾಳಿ ನೋಡುವವರು ಯಾರೂ ಇಲ್ಲ, ಒಬ್ಬೊಬ್ಬ ಸವಾರ ಹೋಗುವುದು ಒಂದೆರಡು ಕಿಲೋಮೀಟರು. ಚೀನಾದ ಮೊಬೈಕ್ ಕಂಪನಿ ಗಾಳಿಯಿಲ್ಲದ ಟೈರು ಹಾಕಿದ್ದು ಈ ಲೆಕ್ಕದಲ್ಲಿ. ಕಾರ್ಖಾನೆಯ ಒಳಗೆ ಲೋಹದ ಚೂರುಗಳ ಮೇಲೆ ಓಡಾಡುವ ಮೂರು ಚಕ್ರದ ಸೈಕಲ್ಲು, ಕಟ್ಟಡ ಕೆಲಸದ ಒಂಟಿ ಚಕ್ರದ ಕೈಗಾಡಿ, ಪಂಪು ಹೊಡೆಯುವ ಕಸುವಿಲ್ಲದವರ ಸೈಕಲ್ಲು, ಇವಕ್ಕೆಲ್ಲ ಅದು ಸರಿ. ಆದರೆ ಕೈಗಾಡಿಯನ್ನು ಸಡಿಲ ಮಣ್ಣಿನಲ್ಲಿ ತಳ್ಳುವುದಾದರೆ ಗಟ್ಟಿ ಟೈರು ಚಾಕುವಿನಂತೆ ಇಳಿಯುತ್ತದೆ. ಅಲ್ಲಿ ಅಗಲವಾದ, ಕಡಿಮೆ ಒತ್ತಡದ ಗಾಳಿ ಟೈರೇ ಮೇಲು.

ಸೈಕಲ್ಲಿಗೆ ಹಾಕುವುದು ಅಂತ ತೀರ್ಮಾನವಾದರೆ ಮೊದಲ ಕೆಲಸ ಅಳತೆ. '26 ಇಂಚು' ಎಂಬ ಹೆಸರಿನಲ್ಲಿ ಒಂದಕ್ಕೊಂದು ಕೂರದ ಹಲವು ಅಳತೆಗಳಿವೆ. ಹಳೆಯ ಟೈರಿನ ಪಕ್ಕದಲ್ಲಿ 47-559 ಅಥವಾ 37-590 ಎಂಬಂಥ ಎರಡು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿ.ಮೀ.ನಲ್ಲಿ. ಎರಡನೆಯ ಸಂಖ್ಯೆ ಕರಾರುವಾಕ್ಕಾಗಿ ಕೂಡಿಬರಬೇಕು. ಗಾಳಿ ಟೈರಾದರೆ ಒಳಗಿನ ಒತ್ತಡವೇ ಅದನ್ನು ರಿಮ್ಮಿನ ಅಂಚಿಗೆ ಒತ್ತಿ ಹಿಡಿಯುತ್ತದೆ. ಗಟ್ಟಿ ಟೈರನ್ನು ಹಿಡಿಯಲು ಬಿಗಿ ಮತ್ತು ಆಕಾರ ಬಿಟ್ಟರೆ ಬೇರೆ ಏನೂ ಇಲ್ಲ. ಅದಕ್ಕೆ ರಿಮ್ಮಿನ ಒಳ ಅಗಲವೂ ಬೇಕು. ಟೈರು ಬಿಚ್ಚಿ, ವರ್ನಿಯರ್ ಕ್ಯಾಲಿಪರಿನಿಂದ ಎರಡು ಅಂಚುಗಳ ಒಳಮೈ ನಡುವಿನ ಅಂತರವನ್ನು ನಾಲ್ಕು ಕಡೆ ಅಳೆಯಿರಿ: 17, 19, 21 ಮಿ.ಮೀ. ಹೀಗೆ ಏನೋ ಬರುತ್ತದೆ. ಒಂದು ಕಡೆಗೂ ಇನ್ನೊಂದು ಕಡೆಗೂ ವ್ಯತ್ಯಾಸ ಕಂಡರೆ ರಿಮ್ಮು ಪೆಟ್ಟು ತಿಂದಿದೆ, ಅದನ್ನು ಮೊದಲು ಸರಿಮಾಡಿಸಬೇಕು.

ಒಂದು ಬಗೆಯ ಫೋಮ್ ಟೈರಿನಲ್ಲಿ ಬುಡದುದ್ದಕ್ಕೂ ಅಡ್ಡಕ್ಕೆ ತೂತುಗಳಿದ್ದು, ಪ್ರತಿ ತೂತಿಗೂ ಒಂದು ಪ್ಲಾಸ್ಟಿಕ್ ಪಿನ್ನು ತೂರಿಸಬೇಕು. ಪಿನ್ನಿನ ಎರಡು ತುದಿಗಳು ರಿಮ್ಮಿನ ಅಂಚಿನ ಕೊಕ್ಕೆಯ ಕೆಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಪಿನ್ನಿನ ಉದ್ದ ರಿಮ್ಮಿನ ಒಳ ಅಗಲಕ್ಕೆ ತಕ್ಕಂತೆ ಬೇರೆ ಬೇರೆ. ಉದ್ದ ಹೆಚ್ಚಾದರೆ ಅದು ಒಳಗೆ ಇಳಿಯುವುದೇ ಇಲ್ಲ, ಬಲವಂತ ಮಾಡಿದರೆ ಬಾಗಿ ಕೂರುತ್ತದೆ. ಕಡಿಮೆಯಾದರೆ ಕೂತಂತೆ ಕಾಣುತ್ತದೆ, ತಿರುವಿನಲ್ಲಿ ವಾಲಿದಾಗ ಕಳಚಿಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಅಂಚಿನಲ್ಲಿ ಕೊಕ್ಕೆಯಿಲ್ಲದ, ನೇರ ಗೋಡೆಯ ರಿಮ್ಮಿಗೆ ಈ ಬಗೆ ಹೊಂದುವುದೇ ಇಲ್ಲ. ಹಾಕುವಾಗ ರಿಮ್ಮಿನ ಒಳಗನ್ನು ಒರೆಸಿ, ವಾಲ್ವಿನ ತೂತನ್ನು ನೀರು ಹೋಗದಂತೆ ಟೇಪಿನಿಂದ ಮುಚ್ಚಿ. ಒಂದು ಜಾಗದಲ್ಲಿ ನಾಲ್ಕೈದು ಪಿನ್ನು ಕೂರಿಸಿ, ಆಮೇಲೆ ಅದರ ಎದುರು ಬದಿ, ಆಮೇಲೆ ಉಳಿದೆರಡು ಬದಿ. ಒಂದೇ ಕಡೆಯಿಂದ ಸುತ್ತಿಕೊಂಡು ಹೋದರೆ ಕೊನೆಗೆ ಸಡಿಲೆಲ್ಲ ಒಂದೆಡೆ ಸೇರಿ ಅಲ್ಲಿ ಉಬ್ಬು ನಿಲ್ಲುತ್ತದೆ. ಪಿನ್ನು ಕೂತಾಗ 'ಟಕ್' ಎಂಬ ಸದ್ದು ಕೈಗೂ ಕಿವಿಗೂ ಗೊತ್ತಾಗುತ್ತದೆ. ಸದ್ದು ಬಾರದ ಪಿನ್ನಿನ ಎರಡೂ ತುದಿಯನ್ನು ಟೈರು ಪಕ್ಕಕ್ಕೆ ಒತ್ತಿ ಕಣ್ಣಾರೆ ನೋಡಿ.

ಇನ್ನೊಂದು ಬಗೆ, ಇರುವ ಟೈರಿನೊಳಗೆ ಟ್ಯೂಬಿನ ಬದಲು ಹಾಕುವ ಫೋಮಿನ ಬಳೆ. ಇದರಲ್ಲಿ ಬಳೆಯ ದಪ್ಪ ಟೈರಿನ ಒಳಗಾತ್ರಕ್ಕೆ ಸರಿಹೊಂದಬೇಕು. ಸಣ್ಣದಾದರೆ ಟೈರು ಕೊಳೆತ ಹಣ್ಣಿನಂತೆ ಅಲ್ಲಾಡುತ್ತದೆ, ದೊಡ್ಡದಾದರೆ ಟೈರಿನ ಅಂಚು ರಿಮ್ಮಿನೊಳಗೆ ಹೋಗುವುದೇ ಇಲ್ಲ. ಉದ್ದಕ್ಕೆ ಕತ್ತರಿಸಿ ಜೋಡಿಸುವ ಬಗೆಯಾದರೆ ಗಿಡ್ಡವಾಗಬಾರದು. ಜೋಡಣೆಯಲ್ಲಿ ಸಂದು ಬಿದ್ದರೆ ಚಕ್ರದ ಪ್ರತಿ ಸುತ್ತಿಗೂ ಒಂದು ತಟ್ಟು ಕೇಳಿಸುತ್ತದೆ. ಸೋಪಿನ ನೀರು ಧಾರಾಳವಾಗಿ ಬಳಸಿ. ಎಣ್ಣೆ, ಗ್ರೀಸು ಮಾತ್ರ ಬೇಡವೇ ಬೇಡ: ಸೋಪಿನ ನೀರು ಒಣಗಿ ಹೋಗುತ್ತದೆ, ಎಣ್ಣೆ ಉಳಿದು ರಬ್ಬರನ್ನು ಉಬ್ಬಿಸುತ್ತದೆ, ಟೈರನ್ನು ಜಾರಿಸುತ್ತದೆ.

ಹಾಕಿದ ಮೇಲೆ ಒಂದು ಸಣ್ಣ ಪರೀಕ್ಷೆ ತಪ್ಪಿಸಬೇಡಿ. ಟೈರಿನ ಪಕ್ಕದಿಂದ ರಿಮ್ಮಿನವರೆಗೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯಿರಿ. ಬಯಲಿನಲ್ಲಿ ಹತ್ತಿಪ್ಪತ್ತು ಸಲ ಗಟ್ಟಿಯಾಗಿ ಬ್ರೇಕು ಹಿಡಿದು ನಿಲ್ಲಿಸಿ, ಬಂದು ನೋಡಿ. ಗೆರೆ ಮುರಿದು ಟೈರಿನ ತುಂಡು ಒಂದೆಡೆ, ರಿಮ್ಮಿನ ತುಂಡು ಇನ್ನೊಂದೆಡೆ ಇದ್ದರೆ ಟೈರು ರಿಮ್ಮಿನ ಮೇಲೆ ಜಾರುತ್ತಿದೆ. ಆ ಚಕ್ರವನ್ನು ರಸ್ತೆಗೆ ತರಬಾರದು. ಒಂದೆರಡು ಮಿ.ಮೀ. ಸರಿದು ಅಲ್ಲೇ ನಿಂತಿದ್ದರೆ ಅದು ಜಾಗಕ್ಕೆ ಕೂತದ್ದು ಇರಬಹುದು. ಹೊಸ ಗೆರೆ ಎಳೆದು ಮತ್ತೆ ಪರೀಕ್ಷಿಸಿ.

ಮೊದಲ 50–100 ಕಿ.ಮೀ. ಆದ ಮೇಲೆ ಕಡ್ಡಿಗಳನ್ನು ನೋಡಬೇಕು. ಗಾಳಿ ತುಂಬಿದಾಗ ಒತ್ತಡ ರಿಮ್ಮನ್ನು ಒಳಕ್ಕೆ ತಳ್ಳುವುದು ನೂಲಿನ ಪದರದ ಹೊರ ಎಳೆತಕ್ಕಿಂತ ಹೆಚ್ಚಾಗಿರುವುದರಿಂದ ಕಡ್ಡಿಗಳ ಬಿಗಿ ಸ್ವಲ್ಪ ಇಳಿದಿರುತ್ತದೆ. ಗಾಳಿಯೇ ಇಲ್ಲದಾಗ ಆ ಲೆಕ್ಕ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೊದಲು ಟೈರು ನುಂಗುತ್ತಿದ್ದ ಪೆಟ್ಟು ಈಗ ನೇರ ಕಡ್ಡಿಗೆ ಹೋಗುತ್ತದೆ. ಮುರಿಯುವುದು ಬಹುಪಾಲು ಚಕ್ರದ ನಡುವಿನ ಹಬ್ಬಿನ (ಹಬ್) ಹತ್ತಿರ ಕಡ್ಡಿ ಬಾಗಿದ ಮೂಲೆಯಲ್ಲಿ. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ ಕೇಳಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಮಂಕಾಗಿ ನುಡಿಯುವುದನ್ನು ಒಂದು ಸಲಕ್ಕೆ ಕಾಲು ಸುತ್ತಿನಂತೆ ಬಿಗಿಯಬೇಕು. ಮಡ್‌ಗಾರ್ಡು, ಕ್ಯಾರಿಯರ್, ಹ್ಯಾಂಡಲಿನ ಬೇರಿಂಗು, ಇವುಗಳ ಬೋಲ್ಟುಗಳೂ ನಡುಕಕ್ಕೆ ಸಡಿಲವಾಗುತ್ತವೆ. ಮಳೆಯಲ್ಲಿ ಬಣ್ಣ ಬಳಿದ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ ಗಟ್ಟಿ ಟೈರು ಬೇಗ ಜಾರುತ್ತದೆ, ನೆಲದ ಆಕಾರಕ್ಕೆ ತಗ್ಗಿ ಅಂಟಿಕೊಳ್ಳುವ ಗುಣ ಅದಕ್ಕೆ ಕಡಿಮೆ. ಚಳಿಯಲ್ಲಿ ಫೋಮು ಇನ್ನಷ್ಟು ಬಿರುಸಾಗುತ್ತದೆ.

ವಿದ್ಯುತ್ ಸ್ಕೂಟರಿನ ಎಂಟೂವರೆ ಇಂಚಿನ ಚಕ್ರಕ್ಕೆ ಜೇನುಗೂಡು ಟೈರು ಹಾಕುವುದು ಈಗ ಬಹಳ ಸಾಮಾನ್ಯ. ಚಕ್ರ ಚಿಕ್ಕದಾದಷ್ಟು ಗುಂಡಿಯೊಳಗೆ ಆಳವಾಗಿ ಇಳಿಯುತ್ತದೆ, ಪೆಟ್ಟೂ ಜೋರು. ಸ್ಪ್ರಿಂಗ್ ಇಲ್ಲದ ಸ್ಕೂಟರಿನಲ್ಲಿ ಆ ಪೆಟ್ಟು ಮಡಚುವ ಕೀಲಿಗೆ ನೇರವಾಗಿ ತಗಲುತ್ತದೆ. ಟೈರು ಬದಲಿಸಿದ ಮೇಲೆ ಆ ಕೀಲಿನ ಬೋಲ್ಟುಗಳನ್ನು ವಾರಕ್ಕೊಮ್ಮೆ ನೋಡುವುದು ಜೀವ ಉಳಿಸುವ ಕೆಲಸ. ಹಾಕುವಾಗ ಬೆವರಿಳಿಯುತ್ತದೆ. ಟೈರನ್ನು ಮಾತ್ರ 70–80 ಡಿಗ್ರಿ ಬಿಸಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ. ಮೋಟಾರು ಇರುವ ಚಕ್ರವನ್ನು ನೀರಿನ ಹತ್ತಿರವೂ ತರಬೇಡಿ. ಚಕ್ರ ಬಿಚ್ಚುವಾಗ ವಾಷರುಗಳ ಕ್ರಮವನ್ನು ಫೋಟೋ ತೆಗೆದಿಡಿ, ಮೋಟಾರಿನ ತಂತಿ ತಿರುಚದಂತೆ ನೋಡಿಕೊಳ್ಳಿ. ಕೈಗವಸು ಹಾಕಿ, ರಿಮ್ಮಿಗೆ ಸೋಪಿನ ನೀರು ಸವರಿ, ಒಂದು ಬದಿ ಕೂರಿಸಿದ ಭಾಗ ಮತ್ತೆ ಎದ್ದುಬರದಂತೆ ಕ್ಲ್ಯಾಂಪು ಹಾಕಿ ಅಥವಾ ಇನ್ನೊಬ್ಬರಿಂದ ಅದುಮಿ ಹಿಡಿಸಿ, ಮೂರು ಲಿವರಿನಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಒಮ್ಮೆಲೇ ಹೆಚ್ಚು ಎಳೆದರೆ ಒಳ ಅಂಚು ಹರಿಯುತ್ತದೆ, ಹರಿದದ್ದು ಹೊರಗೆ ಕಾಣುವುದಿಲ್ಲ. ಎರಡು ತುಂಡಾಗಿ ಬಿಚ್ಚಿಕೊಳ್ಳುವ ರಿಮ್ಮಾದರೆ ಈ ಪಾಡು ಯಾವುದೂ ಇಲ್ಲ.

ದೊಡ್ಡ ಯಂತ್ರಗಳ ಲೋಕವೇ ಬೇರೆ. ಗೋದಾಮಿನ ಫೋರ್ಕ್‌ಲಿಫ್ಟ್ ಟನ್ನುಗಟ್ಟಲೆ ಭಾರವನ್ನು ಎತ್ತರಕ್ಕೆ ಎತ್ತುವಾಗ ಒಂದು ಟೈರು ಠುಸ್ಸೆಂದರೆ ಗಾಡಿಯೇ ಮಗುಚುತ್ತದೆ. ಅಲ್ಲಿ ಗಟ್ಟಿ ರಬ್ಬರೇ ನ್ಯಾಯ. ರಿಮ್ಮನ್ನು ಹಿಡಿಯುವ ಬಿರುಸು ಬುಡ, ನಡುವೆ ಮೆತ್ತನೆಯ ಪದರ, ಮೇಲೆ ಸವೆತ ತಾಳುವ ಪದರ ಹೀಗೆ ಮೂರು ಪದರದಲ್ಲಿ ಮಾಡುತ್ತಾರೆ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಕೂರಿಸುತ್ತಾರೆ. ಅದರ ಶತ್ರು ಶಾಖ. ರಬ್ಬರು ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲ. ನಿಲ್ಲಿಸದೆ ದೂರ ಓಡಿಸಿದರೆ ಮೇಲ್ಮೈ ಬೆಚ್ಚಗೆ ಅನ್ನಿಸಿದರೂ ಒಳಗಿನ ಪದರ ಬೆಂದು ಮೆತ್ತಗಾಗಿ ಕೊನೆಗೆ ಸೀಳುತ್ತದೆ. ಹಾಗಾಗಿಯೇ ಇವನ್ನು ಗಂಟೆಗೆ 25 ಕಿ.ಮೀ. ಆಸುಪಾಸಿನ ಕೆಲಸಕ್ಕೆ ಇಟ್ಟಿರುವುದು. ಗುಜರಿ ಅಂಗಳದ ಲೋಡರುಗಳಿಗೆ ಇನ್ನೊಂದು ದಾರಿ: ಗಾಳಿ ಟೈರಿನೊಳಗೇ ಎರಡು ದ್ರವಗಳ ಪಾಲಿಯುರೆಥೇನ್ ಮಿಶ್ರಣವನ್ನು ವಾಲ್ವಿನ ಮೂಲಕ ಪಂಪು ಮಾಡುವುದು. ಒಳಗಿನ ಗಾಳಿ ಹೊರಹೋಗಲು ಟೈರಿನ ತುತ್ತತುದಿಯಲ್ಲಿ ಸಣ್ಣ ತೂತು ಕೊರೆದು, ದ್ರವ ಅಲ್ಲಿ ಇಣುಕಿದಾಗ ಮೊಳೆ ಹೊಡೆದು ಮುಚ್ಚಿ, ಬೇಕಾದ ಒತ್ತಡ ತಲುಪುವವರೆಗೆ ತುಂಬಿ, ಗಟ್ಟಿಯಾಗಲು ಒಂದೆರಡು ದಿನ ಬಿಡುತ್ತಾರೆ. ಗಾಳಿಗುಳ್ಳೆ ಉಳಿದರೆ ಆ ಜಾಗ ಸದಾ ಮೆದುವಾಗಿ ಕುಣಿಯುತ್ತದೆ. ಒಮ್ಮೆ ತುಂಬಿದರೆ ಹಿಂತೆಗೆಯುವ ಮಾತಿಲ್ಲ. ಟೈರು ಸವೆದ ದಿನ ಗರಗಸದಿಂದ ಕೊಯ್ದೇ ರಿಮ್ಮನ್ನು ಬಿಡಿಸಬೇಕು.

ಕಾರಿಗೆ ಯಾಕೆ ಇನ್ನೂ ಬಂದಿಲ್ಲ ಎಂದು ಕೇಳುವವರಿಗೆ ಉತ್ತರ ಈ ಶಾಖದಲ್ಲೇ ಇದೆ. ಮಿಶೆಲಿನ್ 2005ರಲ್ಲಿ ತೋರಿಸಿದ ಟ್ವೀಲ್ ಚಕ್ರದಲ್ಲಿ ಗಟ್ಟಿ ತುಂಡಿನ ಬದಲು ಬಾಗುವ ಪಾಲಿಯುರೆಥೇನ್ ಕಡ್ಡಿಗಳಿವೆ. ನೆಲದ ಬಳಿಯ ಕಡ್ಡಿಗಳು ಮಡಿದುಕೊಳ್ಳುತ್ತವೆ, ಮೇಲಿನವು ಹಬ್ಬನ್ನು ನೇತು ಹಿಡಿಯುತ್ತವೆ. ಗಾಳಿ ಟೈರಿನ ಹಳೆಯ ಜಾಣ್ಮೆಯನ್ನೇ ಗಾಳಿಯಿಲ್ಲದೆ ಸಾಧಿಸುವ ಪ್ರಯತ್ನ ಅದು, ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಚೆಂದ ಕಾಣುವ ಯೋಚನೆ. ನಿಧಾನ ಓಡುವ ಸಣ್ಣ ಲೋಡರುಗಳಲ್ಲಿ ಅದು ಚೆನ್ನಾಗಿ ನಡೆಯಿತು. ವೇಗ ಏರಿದಂತೆ ಕಡ್ಡಿಗಳ ಗುಂಯ್‌ಗುಡುವಿಕೆ, ನಡುಕ, ಶಾಖ ಮೂರೂ ಏರುತ್ತವೆ. ಸಂದಿನಲ್ಲಿ ಕೆಸರು, ಕಲ್ಲು ಸಿಕ್ಕಿದರೆ ಚಕ್ರದ ಸಮತೋಲ ಕೆಡುತ್ತದೆ. 2019ರಲ್ಲಿ ಅದೇ ಕಂಪನಿ ಜನರಲ್ ಮೋಟರ್ಸ್ ಜೊತೆ ಸೇರಿ ಅಪ್ಟಿಸ್ ಎಂಬ ಕಾರಿನ ಮಾದರಿಯನ್ನು ತೋರಿಸಿ 2024ರ ಗುರಿ ಇಟ್ಟಿತು. ಗಾಜಿನ ನಾರಿನ ಕಡ್ಡಿಗಳ ಆ ಟೈರು ಸರಕು ವ್ಯಾನುಗಳಲ್ಲಿ ಪ್ರಯೋಗಕ್ಕೂ ಇಳಿಯಿತು. ಒಬ್ಬರೇ ಕೂತಾಗಲೂ ಐದು ಜನ ಕೂತಾಗಲೂ ಒಂದೇ ಕಡ್ಡಿ ಸರಿಯಾಗಿ ಬಾಗಬೇಕು ಎಂಬುದು ಸಣ್ಣ ಸವಾಲಲ್ಲ. ಗಾಳಿಯಾದರೆ ಒಂದಿಷ್ಟು ಹೆಚ್ಚು ಹೊಡೆದರೆ ಮುಗಿಯುತ್ತಿತ್ತು. ಚಂದ್ರನ ಮೇಲೆ 1971ರಲ್ಲಿ ಓಡಿದ ಅಪೊಲೊ 15ರ ಗಾಡಿಗೆ ಸತು ಲೇಪಿಸಿದ ಉಕ್ಕಿನ ತಂತಿಯ ಬಲೆಯ ಚಕ್ರಗಳಿದ್ದವು, ಮೇಲೆ ಟೈಟಾನಿಯಂ ಪಟ್ಟಿಗಳು, ಬಲೆ ತೀರಾ ತಗ್ಗದಂತೆ ಒಳಗೊಂದು ಗಟ್ಟಿ ಚೌಕಟ್ಟು. ಅದೇ ವರ್ಷ ಅದಕ್ಕಿಂತ ಮೊದಲು ಹೋದ ಅಪೊಲೊ 14ರ ಕೈಗಾಡಿಯಲ್ಲಿ ಮಾತ್ರ ನೈಟ್ರೋಜನ್ ತುಂಬಿದ ರಬ್ಬರ್ ಟೈರೇ ಇತ್ತು.

ಇಷ್ಟೆಲ್ಲದರ ನಡುವೆ ಗಾಳಿಯಿಲ್ಲದ ಟೈರಿನ ಬಗ್ಗೆ ಅತ್ಯಂತ ಎಚ್ಚರದಿಂದ ಯೋಚಿಸಬೇಕಾದ ಜಾಗ ಗಾಲಿಕುರ್ಚಿ ಅಂತ ನನ್ನ ಅಭಿಪ್ರಾಯ. ಅಲ್ಲಿ ಪಂಕ್ಚರ್ ಎಂದರೆ ಬರೀ ತಡವಲ್ಲ, ಒಬ್ಬರು ಇದ್ದಲ್ಲೇ ಸಿಕ್ಕಿಬೀಳುತ್ತಾರೆ. ಅದೇ ಹೊತ್ತಿಗೆ, ಕುರ್ಚಿಯನ್ನು ಕೈಯಿಂದ ತಾವೇ ತಳ್ಳಿಕೊಳ್ಳುವವರಿಗೆ ಉರುಳುವ ತಡೆ ಎಂದರೆ ದಿನವಿಡೀ ಭುಜದ ಮೇಲೆ ಬೀಳುವ ಹೊರೆ, ಆ ಭುಜಗಳಿಗೆ ಬದಲಿ ಇಲ್ಲ. ತಕ್ಕಮಟ್ಟಿಗೆ ಗಾಳಿ ಇಳಿದ ಟೈರೂ ಸಾಮಾನ್ಯವಾಗಿ ಗಟ್ಟಿ ಟೈರಿಗಿಂತ ಹಗುರವಾಗಿ ಉರುಳುತ್ತದೆ. ಆದ್ದರಿಂದ ಬೇರೆಯವರು ತಳ್ಳುವ, ಕಟ್ಟಡದ ಒಳಗೇ ಓಡಾಡುವ ಕುರ್ಚಿಗೆ ಗಟ್ಟಿ ಟೈರು ಹಾಕಿ. ತಾವೇ ತಳ್ಳಿಕೊಂಡು ಹೊರಗೆ ಓಡಾಡುವವರಿಗೆ ಹಿಂದಿನ ದೊಡ್ಡ ಚಕ್ರದಲ್ಲಿ ರಕ್ಷಣಾ ಪದರದ ಗಾಳಿ ಟೈರು, ಮುಂದಿನ ಚಿಕ್ಕ ಗಾಲಿಯಲ್ಲಿ ಮೆತ್ತನೆಯ ಪಾಲಿಯುರೆಥೇನ್ ಇರಲಿ. 24 ಇಂಚಿನ ಚಕ್ರವಾದರೆ ಹೆಚ್ಚಾಗಿ 25-540 ಅಳತೆ. ಇಲ್ಲೂ ಅಚ್ಚಾದ ಸಂಖ್ಯೆಯನ್ನೇ ನಂಬಿ. ಪಾಲಿಯುರೆಥೇನಿನಲ್ಲಿ ಪಾಲಿಯೀಥರ್, ಪಾಲಿಯೆಸ್ಟರ್ ಎಂಬ ಎರಡು ಜಾತಿ. ಎರಡನೆಯದು ತೇವದಲ್ಲಿ ವರ್ಷಗಳು ಕಳೆದಂತೆ ಬಿರುಕು ಬಿಟ್ಟು ಪುಡಿಯಾಗಿ ಉದುರುತ್ತದೆ, ಬಳಸದೆ ಇಟ್ಟಿದ್ದರೂ ಸಹ. ಒದ್ದೆ ನೆಲದ, ಸ್ನಾನದ ಕುರ್ಚಿಗಳಿಗೆ ಪಾಲಿಯೀಥರ್ ಎಂದು ಕೇಳಿ ತರಬೇಕು.

ಗಾಲಿಕುರ್ಚಿಯ ಬ್ರೇಕು ಟೈರನ್ನೇ ಒತ್ತಿ ಹಿಡಿಯುತ್ತದೆ. ಗಾಳಿ ಟೈರಿನಲ್ಲಿ ಅದರ ಕಂಬಿ ಮೂರ್ನಾಲ್ಕು ಮಿ.ಮೀ. ಒಳಗೆ ಹೂತುಕೊಳ್ಳುವಂತೆ ಇಟ್ಟಿರುತ್ತಾರೆ; ಗಾಳಿ ಇಳಿದರೆ ಹಿಡಿತವೂ ಇಳಿಯುತ್ತದೆ. ಗಟ್ಟಿ ಟೈರು ಹಾಕಿದಾಗ ಬ್ರೇಕನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಲಿವರ್ ಪೂರ್ತಿ ಬೀಳುವುದಿಲ್ಲ, ಅರ್ಧಕ್ಕೆ ನಿಂತು ಹಾಕಿದಂತೆ ಕಾಣುತ್ತದೆ ಅಷ್ಟೆ. ಬ್ರೇಕಿನ ಬೋಲ್ಟನ್ನು ಸಡಿಲಿಸಿ, ಲಿವರ್ ಕೊನೆಯವರೆಗೆ ಬಿದ್ದು ಕಂಬಿ ಟೈರಿನಲ್ಲಿ ಸ್ವಲ್ಪವಾದರೂ ಗುಳಿ ಮಾಡುವಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಿ, ಮತ್ತೆ ಬಿಗಿಯಿರಿ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಇರಬೇಕು. ಆಮೇಲೆ ಕುರ್ಚಿಯಲ್ಲಿ ಜನ ಕೂತಿರುವಾಗಲೇ ಸಣ್ಣ ಇಳಿಜಾರಿನಲ್ಲಿ ನಿಲ್ಲಿಸಿ, ಹಿಂದೆ ಒಬ್ಬರು ಹಿಡಿಯಲು ಸಿದ್ಧರಿದ್ದು, ಎರಡೂ ಬ್ರೇಕು ಹಾಕಿ ಮೆಲ್ಲಗೆ ತಳ್ಳಿ. ಒಂದೇ ಚಕ್ರ ಹಿಡಿದರೆ ಕುರ್ಚಿ ನೇರವಾಗಿ ಜಾರುವುದಿಲ್ಲ, ಹಿಡಿದ ಚಕ್ರದ ಸುತ್ತ ಗಿರಕ್ಕನೆ ತಿರುಗುತ್ತದೆ. ಹಾಗಾದರೆ ಹಿಡಿಯದ ಬದಿಯ ಬೋಲ್ಟನ್ನು ಇನ್ನೊಮ್ಮೆ ಸಡಿಲಿಸಿ ಕಂಬಿಯನ್ನು ಒಂದೆಳೆ ಹತ್ತಿರಕ್ಕೆ ತರಬೇಕು. ಕುರ್ಚಿಯನ್ನು ತಿಂಗಳುಗಟ್ಟಲೆ ಎತ್ತಿಡುವುದಾದರೆ ಬ್ರೇಕು ಬಿಚ್ಚಿಯೇ ಇಡಿ. ಹಾಕಿಟ್ಟ ಬ್ರೇಕಿನ ಕಂಬಿ ಫೋಮಿನಲ್ಲಿ ಮಾಡಿದ ಗುಳಿ ಮತ್ತೆ ಪೂರ್ತಿ ಏಳುವುದಿಲ್ಲ.